ನೆವಾಡಾದ ಏಲಿಯನ್ ಹೈವೇಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಅಲ್ಲಿ ನೋಡೋಕೆ ನಿಜವಾಗಿ ಏನಾದರೂ ಇದೆಯಾ?

ಧಾರಾಳವಾಗಿ ಹೋಗಬಹುದು. ಆದರೆ ಬೆಳಿಗ್ಗೆ ಲಾಸ್ ವೇಗಸ್ ಬಿಟ್ಟು, ಆ ರಸ್ತೆಯ ರೇಚಲ್ ಅನ್ನುವ ಹಳ್ಳಿ ಮುಟ್ಟಿ, ನಾಲ್ಕು ಫೋಟೊ ತೆಗೆದು ಸಂಜೆಗೆ ವಾಪಸ್ ಅಂತ ಬರೆದಿದ್ದೀರಲ್ಲ, ಆ ಪ್ಲಾನ್ ಬಿಟ್ಟುಬಿಡಿ. ಹೋಗಿ ಬರೋದು ಸೇರಿ ಐದು ಗಂಟೆ ಕಾರಿನಲ್ಲೇ ಕೂತು, ಮಟಮಟ ಮಧ್ಯಾಹ್ನ ಒಂದು ಹೋಟೆಲ್ ಮುಂದೆ ನಿಂತು ಬಂದರೆ ನಿಮ್ಮ ತಂದೆ "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ" ಅಂತ ಕೇಳೇ ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪೂ ಇಲ್ಲ. ಹೋದರೆ ಪೂರ್ತಿ ರಸ್ತೆ ಹೋಗಿ, ರಾತ್ರಿ ಟೋನೋಪಾ ಅನ್ನುವ ಊರಲ್ಲಿ ಉಳಿದು, ಮರುದಿನ ಬೇರೆ ದಾರಿಯಲ್ಲಿ ವೇಗಸ್‌ಗೆ ಇಳಿಯಿರಿ.

ನಾನಿರುವುದು ಫೀನಿಕ್ಸ್‌ನಲ್ಲಿ. ಊರಿಂದ ನೆಂಟರು ಬಂದರೆ ಗ್ರ್ಯಾಂಡ್ ಕ್ಯಾನಿಯನ್, ವೇಗಸ್ ಹೇಗೂ ಆಗುತ್ತದೆ. ಸ್ವಲ್ಪ ಕುತೂಹಲ ಇರುವವರಾದರೆ ಇಲ್ಲಿಗೂ ಕರೆದುಕೊಂಡು ಹೋಗುತ್ತೇನೆ. ಈ ರಸ್ತೆ ಏರಿಯಾ 51 ಅನ್ನುವ ಗುಟ್ಟಿನ ವಾಯುನೆಲೆಯ ಪಕ್ಕ ಹೋಗುತ್ತದೆ, ಹೆಸರು ಬಂದದ್ದು ಅದರ ಸುತ್ತ ಹಬ್ಬಿದ ಹಾರುವ ತಟ್ಟೆ ಕತೆಗಳಿಂದ. ಹಾಗಂತ ಏಲಿಯನ್ ನಂಬಬೇಕು ಅಂತೇನೂ ಇಲ್ಲ. ನಂಬದೇ ಇದ್ದವರಿಗೇ ಜಾಸ್ತಿ ಮಜಾ ಸಿಕ್ಕಿದ್ದನ್ನು ನೋಡಿದ್ದೇನೆ.

ಮೊದಲು ದಾರಿ. ವೇಗಸ್‌ನಿಂದ ಐ-15 ಹಿಡಿದು ಸ್ವಲ್ಪ ಉತ್ತರಕ್ಕೆ ಹೋಗಿ ಯುಎಸ್ 93ಕ್ಕೆ ತಿರುಗಬೇಕು. ಬರೀ ಕುರುಚಲು, ಕಲ್ಲು, ದೂರದಲ್ಲಿ ಬೋಳು ಬೆಟ್ಟ. ಒಂದೂವರೆ ಗಂಟೆ ಇದನ್ನೇ ನೋಡಿ ಬೇಸರ ಹಿಡಿಯುವ ಹೊತ್ತಿಗೆ ಎಡಗಡೆ ದಿಢೀರ್ ಅಂತ ನೀರು ಕಾಣಿಸುತ್ತದೆ. ಪಹ್ರಾನಗಟ್ ಕಣಿವೆ. ನೆಲದೊಳಗಿನ ಬುಗ್ಗೆ ನೀರಿನಿಂದ ತುಂಬುವ ಕೆರೆಗಳು, ದಡದಲ್ಲಿ ದೊಡ್ಡ ಮರಗಳು, ವಲಸೆ ಹಕ್ಕಿಗಳು. ಅಮ್ಮನಿಗೆ ಇಡೀ ಪ್ರಯಾಣದಲ್ಲಿ ಇದೇ ಇಷ್ಟ ಆಗಬಹುದು. ಇಲ್ಲೇ ನಿಲ್ಲಿಸಿ ಬುತ್ತಿ ಬಿಚ್ಚಿ.

ಈ ಕಣಿವೆಯ ಸುತ್ತಮುತ್ತ ಬಂಡೆಗಳ ಮೇಲೆ ಹಳೇ ಕೆತ್ತನೆಗಳಿವೆ. ಅದರಲ್ಲಿ ಒಂದು ಆಕೃತಿಗೆ ಪಹ್ರಾನಗಟ್ ಮ್ಯಾನ್ ಅಂತಲೇ ಹೆಸರು. ಚೌಕಟ್ಟಾದ ಮೈ, ದೊಡ್ಡ ಕಣ್ಣು, ತಲೆಯಿಂದ ಮೇಲಕ್ಕೆ ಒಂದು ಕಡ್ಡಿಯಂಥ ಗೆರೆ. ಏಲಿಯನ್ ಭಕ್ತರಿಗೆ ಇನ್ನೇನು ಬೇಕು, ಅದು ಆಂಟೆನಾ ಆಗಿಬಿಟ್ಟಿತು. ಇಲ್ಲಿ ಬಾಳಿದ ಮೂಲನಿವಾಸಿಗಳು ತಮ್ಮ ದೇವರನ್ನೋ ಹಿರಿಯರನ್ನೋ ಕೆತ್ತಿಕೊಂಡಿದ್ದರೆ ಅದನ್ನೂ ಬೇರೆ ಲೋಕದವರ ಲೆಕ್ಕಕ್ಕೆ ಬರೆದುಕೊಳ್ಳುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಕೆತ್ತನೆ ಇರುವ ಕಡೆ ಹೋಗಲು ಮಣ್ಣಿನ ದಾರಿ, ನಡಿಗೆ ಎಲ್ಲ ಇದೆ. ವಯಸ್ಸಾದವರ ಜೊತೆ ಇದನ್ನು ಬಿಡಬಹುದು.

ಈಗ ಪೆಟ್ರೋಲ್. ಆಲಮೋ ಅಥವಾ ಆಶ್ ಸ್ಪ್ರಿಂಗ್ಸ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಕೊಳ್ಳಿ, ಅರ್ಧಕ್ಕಿಂತ ಮೇಲೆ ಇದ್ದರೂ ಸರಿ. ಅಲ್ಲಿಂದ ಟೋನೋಪಾವರೆಗೆ ಸುಮಾರು 150 ಮೈಲಿ ಒಂದೇ ಒಂದು ಬಂಕ್ ಇಲ್ಲ. ರೇಚಲ್‌ನಲ್ಲೂ ಇಲ್ಲ. ಮೊಬೈಲ್ ಸಿಗ್ನಲ್ ಕೂಡ ಬಹುಪಾಲು ದಾರಿಯಲ್ಲಿ ಸಿಗುವುದಿಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕುಡಿಯುವ ನೀರು ತಲೆಗೆ ಇಷ್ಟು ಅಂತ ಲೆಕ್ಕ ಹಾಕಿ, ಅದರ ಎರಡರಷ್ಟು ಇಟ್ಟುಕೊಳ್ಳಿ.

ಕ್ರಿಸ್ಟಲ್ ಸ್ಪ್ರಿಂಗ್ಸ್ ಹತ್ತಿರ 375ನೇ ನಂಬರ್ ರಸ್ತೆ ಶುರು. ಅಲ್ಲಿಂದ ವಾರ್ಮ್ ಸ್ಪ್ರಿಂಗ್ಸ್‌ವರೆಗೆ 98 ಮೈಲಿ. 1996ರಲ್ಲಿ ನೆವಾಡಾ ರಾಜ್ಯವೇ ಇದಕ್ಕೆ ಅಧಿಕೃತವಾಗಿ 'ಎಕ್ಸ್‌ಟ್ರಾಟೆರೆಸ್ಟ್ರಿಯಲ್ ಹೈವೇ' ಅಂತ ಹೆಸರಿಟ್ಟಿತು. ಪ್ರವಾಸಿಗರು ಬರಲಿ ಅಂತ, ಬೇರೇನಲ್ಲ. ಹಸಿರು ಬೋರ್ಡ್ ಇದೆ, ಆದರೆ ಬಂದವರೆಲ್ಲ ಸ್ಟಿಕ್ಕರ್ ಅಂಟಿಸಿ ಅಂಟಿಸಿ ಅಕ್ಷರ ಹುಡುಕಬೇಕಾದ ಸ್ಥಿತಿ. ತಿರುವಿನ ಹತ್ತಿರ ದೈತ್ಯ ತಗಡಿನ ಏಲಿಯನ್ ನಿಂತಿರುವ ಒಂದು ಗಿಫ್ಟ್ ಅಂಗಡಿ, ಒಣಮಾಂಸ ಮಾರುವ ಇನ್ನೊಂದು ಅಂಗಡಿ. ಅಪ್ಪ-ಅಮ್ಮ ಸಸ್ಯಾಹಾರಿಗಳಾದರೂ ಎರಡನೆಯದರಲ್ಲಿ ಇಳಿಯಿರಿ, ಗೋಡಂಬಿ ಬಾದಾಮಿಯೂ ಸಿಗುತ್ತದೆ, ರೆಸ್ಟ್ ರೂಮೂ ಇದೆ. ಮುಂದೆ ರೇಚಲ್‌ವರೆಗೆ ಆ ಅನುಕೂಲ ಇಲ್ಲ.

ಆಮೇಲೆ ಹ್ಯಾನ್‌ಕಾಕ್ ಸಮ್ಮಿಟ್ ಹತ್ತಿ ಇಳಿದರೆ ಟಿಕಾಬೂ ಕಣಿವೆ. ರಸ್ತೆ ಒಂದೇ ಗೆರೆ ಎಳೆದಂತೆ ಮುಂದೆ ಹೋಗುತ್ತದೆ. ಎರಡೂ ಕಡೆ ಜೋಶುವಾ ಮರಗಳು, ಕೈ ಮೇಲೆತ್ತಿ ನಿಂತ ಹಾಗೆ. ಎದುರಿಗೆ ಒಂದು ಕಾರ್ ಬರುತ್ತಿದೆ ಅಂದರೆ ಅದು ನಿಮ್ಮನ್ನು ದಾಟಲು ಎಷ್ಟೋ ನಿಮಿಷ ಬೇಕು. ಇಂಜಿನ್ ಆಫ್ ಮಾಡಿ ಇಳಿದು ನೋಡಿ. ಗಾಳಿ ಬಿಟ್ಟರೆ ಸದ್ದಿಲ್ಲ. ಕೆಲವೊಮ್ಮೆ ಆ ಹೊತ್ತಿಗೇ ಎದೆ ನಡುಗುವ ಹಾಗೆ ಒಂದು ಯುದ್ಧವಿಮಾನ ತಲೆಮೇಲೆ ಹೋಗುತ್ತದೆ. ಪಕ್ಕದಲ್ಲಿರುವುದು ಅಮೆರಿಕದ ವಾಯುಪಡೆಯ ದೊಡ್ಡ ತರಬೇತಿ ಪ್ರದೇಶ. ಅದರೊಳಗೇ ಬರುವುದು ಗ್ರೂಮ್ ಲೇಕ್, ಅಂದರೆ ಏರಿಯಾ 51.

ಇದರ ಕತೆ ಅಪ್ಪನಿಗೆ ಕಾರಿನಲ್ಲೇ ಹೇಳಿ. 1955ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗೆ ಒಂದು ಗುಟ್ಟಿನ ವಿಮಾನ ಹಾರಿಸಿ ನೋಡಲು ಜಾಗ ಬೇಕಿತ್ತು. ಸೋವಿಯತ್ ಒಕ್ಕೂಟದ ಮೇಲೆ ಹಾರಿ ಫೋಟೊ ತೆಗೆಯುವ ಯು-2. ಗ್ರೂಮ್ ಲೇಕ್ ಅನ್ನುವುದು ಒಣಗಿದ ಉಪ್ಪಿನ ಕೆರೆ. ತಳ ಸಪಾಟು, ಗಟ್ಟಿ, ವಿಮಾನ ಇಳಿಸಲು ಹೇಳಿ ಮಾಡಿಸಿದಂತಿತ್ತು. ಸುತ್ತ ಬೆಟ್ಟ. ಮಗ್ಗುಲಲ್ಲೇ 1951ರಿಂದ ಅಣುಬಾಂಬ್ ಸಿಡಿಸುತ್ತಿದ್ದ ಜಾಗ, ಹಾಗಾಗಿ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ವಿಮಾನ ಮಾಡಿದ ಲಾಕ್‌ಹೀಡ್‌ನ ಕೆಲ್ಲಿ ಜಾನ್ಸನ್ ಇದಕ್ಕೆ 'ಪ್ಯಾರಡೈಸ್ ರಾಂಚ್' ಅಂತ ಹೆಸರಿಟ್ಟರು. ಕೆಲಸಗಾರರು ಖುಷಿಯಿಂದ ಬರಲಿ ಅಂತ ಅಷ್ಟೇ. ಬಂದು ನೋಡಿದವರಿಗೆ ಸ್ವರ್ಗ ಎಷ್ಟು ಕಂಡಿತೋ ದೇವರಿಗೇ ಗೊತ್ತು.

ಆಗಿನ ಪ್ರಯಾಣಿಕ ವಿಮಾನಗಳು ಹಾರುತ್ತಿದ್ದದ್ದು 10,000ದಿಂದ 20,000 ಅಡಿಯಲ್ಲಿ. ಯು-2 ಹಾರುತ್ತಿದ್ದದ್ದು 60,000 ಅಡಿಗೂ ಮೇಲೆ. ಅಷ್ಟು ಎತ್ತರದಲ್ಲಿ ಮನುಷ್ಯ ಹಾರಬಹುದು ಅಂತ ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಈಗ ಸಂಜೆ ಹೊತ್ತನ್ನು ನೆನೆಸಿಕೊಳ್ಳಿ. ಮಲೆನಾಡಿನಲ್ಲಿ ಕೆಳಗೆ ತೋಟದಲ್ಲಿ ಕತ್ತಲಾಗಿದ್ದರೂ ಗುಡ್ಡದ ನೆತ್ತಿಯಲ್ಲಿ ಇನ್ನೂ ಬಿಸಿಲಿರುತ್ತದಲ್ಲ, ಹಾಗೆ. ಕೆಳಗೆ ಹಾರುವ ಪೈಲಟ್‌ಗೆ ಸೂರ್ಯ ಮುಳುಗಿಯಾಯಿತು. ಅವನಿಗಿಂತ ಎಷ್ಟೋ ಮೇಲಿರುವ ಯು-2ರ ಬೆಳ್ಳಿ ಬಣ್ಣದ ರೆಕ್ಕೆಗೆ ಇನ್ನೂ ಬಿಸಿಲು ಬೀಳುತ್ತಿದೆ. ಕಪ್ಪಾಗುತ್ತಿರುವ ಆಕಾಶದಲ್ಲಿ, ಯಾವ ವಿಮಾನವೂ ಇರಬಾರದ ಎತ್ತರದಲ್ಲಿ, ಬೆಂಕಿ ಹಾಗೆ ಹೊಳೆಯುವ ಒಂದು ವಸ್ತು. ಅವನು ಏನು ಅಂತ ವರದಿ ಮಾಡಬೇಕು? ವಾಯುಪಡೆಯ ತನಿಖೆಯವರಿಗೆ ಅಸಲಿ ವಿಷಯ ಗೊತ್ತಾದರೂ ಬಾಯಿ ಬಿಡುವ ಹಾಗಿರಲಿಲ್ಲ. ಆ ಕಾಲದ ಯುಎಫ್‌ಒ (ಗುರುತು ಸಿಗದ ಹಾರುವ ವಸ್ತು) ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ವಿಮಾನಗಳೇ ಅಂತ ಸಿಐಎ ತನ್ನ ಇತಿಹಾಸದಲ್ಲಿ ಬರೆದುಕೊಂಡಿದೆ. ಆ ಲೆಕ್ಕ ನನಗೆ ಸ್ವಲ್ಪ ಉದಾರವಾಗಿ ಕಾಣುತ್ತದೆ. ಆದರೆ ಕಾರಣ ಮಾತ್ರ ಪಕ್ಕಾ.

ಹಾರುವ ತಟ್ಟೆ ಕತೆಗೆ ಕಳೆ ಬಂದದ್ದು 1989ರಲ್ಲಿ. ಬಾಬ್ ಲಝಾರ್ ಅನ್ನುವವನು ವೇಗಸ್‌ನ ಟಿವಿಯಲ್ಲಿ ಕೂತು, ಗ್ರೂಮ್ ಲೇಕ್ ಹತ್ತಿರ ಬೇರೆ ಲೋಕದ ವಾಹನಗಳನ್ನು ಬಚ್ಚಿಟ್ಟಿದ್ದಾರೆ, ನಾನೇ ಅದರ ಮೇಲೆ ಕೆಲಸ ಮಾಡಿದ್ದೇನೆ ಅಂದ. ಎಂಐಟಿ, ಕ್ಯಾಲ್‌ಟೆಕ್‌ನಲ್ಲಿ ಓದಿದ್ದೇನೆ ಅಂದ, ಹುಡುಕಿದವರಿಗೆ ಅಲ್ಲಿ ಅವನ ದಾಖಲೆ ಸಿಗಲಿಲ್ಲ. ಜನ ಅದನ್ನೆಲ್ಲ ಕೇಳುತ್ತಾರಾ? ರಾತ್ರಿ ಹಗಲೆನ್ನದೆ 375ರ ಬದಿಗೆ ಬಂದು ನಿಲ್ಲತೊಡಗಿದರು. ಒಬ್ಬ ರೈತನ ಅಂಚೆ ಡಬ್ಬಿ ರಸ್ತೆ ಪಕ್ಕ ಒಂಟಿಯಾಗಿ ಇತ್ತು, ಅದೇ ಎಲ್ಲರ ಅಡ್ಡಾ ಆಯಿತು. ಅಲ್ಲಿ ನಿಂತವರಿಗೆ ಬೆಳಗಿನ ಜಾವ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದು ಬೆಳಕು ಕಾಣಿಸುತ್ತಿತ್ತು, ತಪ್ಪದೆ. ಕೊನೆಗೆ ನೋಡಿದರೆ ಅದು ವೇಗಸ್‌ನಿಂದ ಏರಿಯಾ 51ರ ನೌಕರರನ್ನು ಕರೆತರುವ ವಿಮಾನದ ಲ್ಯಾಂಡಿಂಗ್ ಲೈಟು! ನನಗೆ ಈ ಇಡೀ ಪುರಾಣದಲ್ಲಿ ತುಂಬಾ ಇಷ್ಟದ ಭಾಗ ಇದು. ಆ ವಿಮಾನಗಳು ಈಗಲೂ ಇವೆ. ಬಿಳಿ ಮೈ, ಕಿಟಕಿಗುಂಟ ಕೆಂಪು ಪಟ್ಟಿ, ಕಂಪನಿ ಹೆಸರಿಲ್ಲ. ವೇಗಸ್ ಏರ್‌ಪೋರ್ಟ್‌ನಲ್ಲಿ ಕಣ್ಣಿಗೆ ಬಿದ್ದರೆ ಅಪ್ಪನಿಗೆ ತೋರಿಸಿ.

ಸರ್ಕಾರ ಈ ನೆಲೆಯ ಹೆಸರು, ಜಾಗ ಎರಡನ್ನೂ ಒಪ್ಪಿಕೊಂಡು ಕಾಗದ ಬಿಡುಗಡೆ ಮಾಡಿದ್ದು 2013ರಲ್ಲಿ. ಇಡೀ ಪ್ರಪಂಚಕ್ಕೆ ಗೊತ್ತಿದ್ದ ಜಾಗಕ್ಕೆ ಅಷ್ಟು ವರ್ಷ ಇಲ್ಲ ಇಲ್ಲ ಅಂದರೆ ಜನ ತಟ್ಟೆ ಹಾರಿಸದೆ ಇನ್ನೇನು ಮಾಡುತ್ತಾರೆ ಹೇಳಿ.

ರೇಚಲ್ ಬಂತು. ಹಳ್ಳಿ ಅಂದರೆ ನಮ್ಮ ಕಡೆಯ ಹಳ್ಳಿ ಅಂದುಕೊಳ್ಳಬೇಡಿ. 2020ರ ಜನಗಣತಿಯಲ್ಲಿ ಐವತ್ತು ಜನವೂ ಇರಲಿಲ್ಲ. ಇರುವುದು ಲಿಟ್ಲ್ ಏಲಿ-ಇನ್ ಅನ್ನುವ ಹೋಟೆಲ್ಲು, ಮೋಟೆಲ್ಲು, ಬಾರು ಎಲ್ಲ ಒಂದೇ. ಹೊರಗೆ ಹಳೇ ಟೋಯಿಂಗ್ ಲಾರಿಯ ಕೊಕ್ಕೆಗೆ ಒಂದು ತಗಡಿನ ಹಾರುವ ತಟ್ಟೆ ನೇತಾಡುತ್ತಿದೆ. ಒಳಗೆ ಸೂರಿನ ತುಂಬ ಬಂದವರು ಹೆಸರು ಬರೆದು ಅಂಟಿಸಿದ ಡಾಲರ್ ನೋಟುಗಳು, ಗೋಡೆಗೆ ಮಸುಕು ಮಸುಕಾದ ಯುಎಫ್‌ಒ ಫೋಟೊಗಳು. ಏಲಿಯನ್ ಬರ್ಗರ್ ಫೇಮಸ್ಸು, ಆದರೆ ಅದು ದನದ ಮಾಂಸದ್ದು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿರುತ್ತೀರಲ್ಲ, ಇಲ್ಲಿ ಕಾಫಿ ಕುಡಿದರೆ ಸಾಕು.

ನಮ್ಮ ಮಾವ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಹೊರಡುವಾಗಲೇ ಮುಖ ಸಿಂಡರಿಸಿದ್ದರು. ಕಾಫಿ ಕುಡಿಯುತ್ತಾ ನಾನು ಮಿಗ್-21 ಅನ್ನುವ ಸೋವಿಯತ್ ಯುದ್ಧವಿಮಾನದ ವಿಷಯ ತೆಗೆದೆ. 1966ರಲ್ಲಿ ಇರಾಕಿನ ಪೈಲಟ್ ಮುನೀರ್ ರೆಡ್ಫಾ ಒಂದು ಮಿಗ್-21 ತಗೊಂಡು ಇಸ್ರೇಲ್‌ಗೆ ಹಾರಿಹೋದ. ಅದನ್ನು ಅಮೆರಿಕದವರು ಎರವಲು ಪಡೆದು 1968ರಲ್ಲಿ ಇದೇ ಗ್ರೂಮ್ ಲೇಕ್‌ಗೆ ತಂದು, ಹಾರಿಸಿ ಹಾರಿಸಿ ಅದರ ಜಾತಕ ಬರೆದುಕೊಂಡರು. ಅದೇ ಹೊತ್ತಿಗೆ ಎಚ್‌ಎಎಲ್‌ನ ನಾಸಿಕ್ ಕಾರ್ಖಾನೆಯಲ್ಲಿ ಮಿಗ್-21 ತಯಾರಾಗುತ್ತಿತ್ತು. ಮಾವ ಕಪ್ ಕೆಳಗಿಟ್ಟರು. "ಅಳಿಯಂದ್ರೇ, ಪರಲೋಕದವರು ಬಂದರೋ ಬಿಟ್ಟರೋ, ನಮ್ಮ ಮಿಗ್ಗಂತೂ ಇಲ್ಲಿಗೆ ಬಂದಿತ್ತು ಅನ್ನಿ!" ಅಂದರು. ಅಲ್ಲಿಂದ ಟೋನೋಪಾ ಬರೋ ತನಕ ಡೆಲ್ಟಾ ರೆಕ್ಕೆ, ಇಂಜಿನ್, ಲ್ಯಾಂಡಿಂಗ್ ಸ್ಪೀಡು ಅಂತ ಪಾಠ ನಡೆಯಿತು. ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆ.

"ಏರಿಯಾ 51ರ ಗೇಟ್‌ವರೆಗೆ ಹೋಗಬಹುದಾ" ಅಂತಲೂ ಕೇಳಿದ್ದೀರಿ. 375ರಿಂದ ಗ್ರೂಮ್ ಲೇಕ್ ರಸ್ತೆ ಅಂತ ಸುಮಾರು 13 ಮೈಲಿ ಮಣ್ಣಿನ ದಾರಿ ಇದೆ. ಎಚ್ಚರಿಕೆಯ ಬೋರ್ಡ್‌ವರೆಗೆ ಹೋದರೆ ಅಪರಾಧ ಅಲ್ಲ. ಗುಡ್ಡದ ಮೇಲಿಂದ ಕಾವಲುಗಾರರ ಗಾಡಿ ನಿಮ್ಮನ್ನು ನೋಡುತ್ತಿರುತ್ತದೆ. ಆದರೆ ಎಲ್ಲ ಕಡೆ ಬೇಲಿ ಇಲ್ಲ, ಗಡಿ ಅಂದರೆ ಕಂಬ ಮತ್ತು ಬೋರ್ಡ್ ಅಷ್ಟೇ, ಗೊತ್ತಿಲ್ಲದೆ ದಾಟಿದೆ ಅನ್ನುವ ನೆಪ ನಡೆಯುವುದಿಲ್ಲ. 2019ರಲ್ಲಿ ಫೇಸ್‌ಬುಕ್‌ನಲ್ಲಿ ಏರಿಯಾ 51ಕ್ಕೆ ನುಗ್ಗೋಣ ಬನ್ನಿ ಅಂತ ಯಾರೋ ತಮಾಷೆಗೆ ಹಾಕಿದ್ದಕ್ಕೆ 20 ಲಕ್ಷಕ್ಕೂ ಜಾಸ್ತಿ ಜನ ಬರ್ತೀವಿ ಅಂದಿದ್ದರು. ಸೆಪ್ಟೆಂಬರ್ 20ಕ್ಕೆ ಈ ಕಡೆ ಬಂದವರು ಕೆಲವೇ ಸಾವಿರ, ಗೇಟ್ ಹತ್ತಿರ ಹೋದವರು ಇನ್ನೂ ಕಡಿಮೆ, ನೆಲೆಯವರೆಗೆ ಮುಟ್ಟಿದವರು ಯಾರೂ ಇಲ್ಲ. ನೀವು ಎಚ್1ಬಿ ಮೇಲೆ ಇದ್ದೀರಿ, ಅಪ್ಪ-ಅಮ್ಮ ವಿಸಿಟರ್ ವೀಸಾದಲ್ಲಿ. ಒಂದು ಸೆಲ್ಫಿಗೋಸ್ಕರ ಅರೆಸ್ಟ್ ದಾಖಲೆ ಮಾಡಿಸಿಕೊಳ್ಳಬೇಡಿ. ಡ್ರೋನ್ ಇದ್ದರೆ ಮನೆಯಲ್ಲೇ ಬಿಟ್ಟು ಹೋಗಿ. ಬಾಡಿಗೆ ಕಾರಿನ ಕರಾರಿನಲ್ಲಿ ಮಣ್ಣಿನ ದಾರಿ ಬೇಡ ಅಂತ ಇರುವುದೂ ಉಂಟು, ಓದಿ ನೋಡಿ. ನಾನಾದರೆ ಗೇಟ್ ಬಿಟ್ಟುಬಿಡುತ್ತೇನೆ. ಅಲ್ಲಿಂದ ನೆಲೆಯೇ ಕಾಣುವುದಿಲ್ಲ.

ರೇಚಲ್‌ನಿಂದ ಟೋನೋಪಾ 110 ಮೈಲಿ. ಕತ್ತಲಾಗುವ ಮೊದಲೇ ತಲುಪಿ, ಇದು ಮಾತ್ರ ಮರೆಯಬೇಡಿ. ಇಲ್ಲಿ ದನಗಳನ್ನು ಬಯಲಿಗೆ ಬಿಟ್ಟಿರುತ್ತಾರೆ, ಬೇಲಿ ಇಲ್ಲ. ರಾತ್ರಿ ಕಪ್ಪು ಹಸುವೊಂದು ರಸ್ತೆ ಮಧ್ಯೆ ನಿಂತರೆ ಹತ್ತಿರ ಬರುವ ತನಕ ಕಾಣುವುದಿಲ್ಲ. ಈ ರಸ್ತೆಯಲ್ಲಿ ಭಯಪಡಬೇಕಾದ ಜೀವಿ ಅಂದರೆ ಅದೇ.

ಟೋನೋಪಾ 1900ರಲ್ಲಿ ಬೆಳ್ಳಿ ಸಿಕ್ಕಿ ಹುಟ್ಟಿದ ಗಣಿ ಊರು. ಉಳಿಯಲು ಹಳೇ ಮಿಜ್ಪಾ ಹೋಟೆಲ್ ಇದೆ. ಕ್ಲೌನ್ ಮೋಟೆಲ್ ಅಂತ ಇನ್ನೊಂದಿದೆ, ಒಳಗೆ ಜೋಕರ್ ಗೊಂಬೆಗಳ ರಾಶಿ, ಪಕ್ಕದಲ್ಲೇ ಹಳೇ ಸ್ಮಶಾನ. ಅಮ್ಮನಿಗೆ ಹೇಳದೆ ಬುಕ್ ಮಾಡಬೇಡಿ. ಊಟ ಆದಮೇಲೆ ಊರಿಂದ ಸ್ವಲ್ಪ ಆಚೆ ಹೋಗಿ ಕಾರಿನ ಲೈಟ್ ಆರಿಸಿ ನಿಲ್ಲಿ. ಅಮಾವಾಸ್ಯೆ ಆಸುಪಾಸು ಹೋದರಂತೂ ಆಕಾಶಗಂಗೆ ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. 6,000 ಅಡಿ ಎತ್ತರದ ಊರು, ಬೇಸಿಗೆಯಲ್ಲೂ ರಾತ್ರಿ ತಣ್ಣಗಿರುತ್ತದೆ. ಅಪ್ಪನಿಗೆ ಮಫ್ಲರ್ ಇಟ್ಟುಕೊಳ್ಳಿ. ದಕ್ಷಿಣದ ಕಡೆ ಕೆಂಪಗೆ ಬೆಳಕು ತೇಲಿದರೆ ಅದು ಮಿಲಿಟರಿಯವರು ಬಿಡುವ ಫ್ಲೇರ್ (ಉರಿಬೆಳಕು) ಇರಬಹುದು, ಸಾಲಾಗಿ ಮುತ್ತಿನ ಹಾಗೆ ಹೋದರೆ ಸ್ಟಾರ್‌ಲಿಂಕ್ ಉಪಗ್ರಹಗಳು. ಅದನ್ನು ತಕ್ಷಣ ಹೇಳಬೇಡಿ, ಮೊದಲು ಅವರು ಏನನ್ನುತ್ತಾರೆ ಕೇಳಿ.

ಮರುದಿನ ಯುಎಸ್ 95 ಹಿಡಿದು ಗೋಲ್ಡ್‌ಫೀಲ್ಡ್, ಬೀಟಿ ಮೇಲೆ ವೇಗಸ್‌ಗೆ ವಾಪಸ್. ಸುಮಾರು 210 ಮೈಲಿ, ಪೆಟ್ರೋಲ್ ಚಿಂತೆ ಇಲ್ಲ. ಆ ದಾರಿಯಲ್ಲೂ ಏಲಿಯನ್ ಚಿತ್ರದ ಬೋರ್ಡ್ ಕಾಣಿಸಬಹುದು. ನೆವಾಡಾದ ಹಳ್ಳಿ ಕಡೆಯ ಕೆಲವು ಜಿಲ್ಲೆಗಳಲ್ಲಿ ವೇಶ್ಯಾಗೃಹಕ್ಕೆ ಕಾನೂನಿನ ಅನುಮತಿ ಇದೆ, ಅವರಿಗೂ ಬೋರ್ಡ್ ಹಾಕೋಕೆ ಬರುತ್ತೆ. ಅಪ್ಪ-ಅಮ್ಮ ಜೊತೆಗಿದ್ದಾಗ ಬೋರ್ಡ್ ಪೂರ್ತಿ ಓದಿಕೊಂಡೇ ಕಾರ್ ತಿರುಗಿಸಿ.