ಚಿತ್ರ ಮೊದಲು, ಕಥೆ ಆಮೇಲೆ

ನಮಸ್ಕಾರ. ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಕಾಲದ ಧಾರಾವಾಹಿಗಳ ಚಿತ್ರಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾರೆ. ತಿದ್ದಿ ಬರೆದರೆ ಇನ್ನೊಮ್ಮೆ ಓದುವ ಆಸೆ ನನಗಿದೆ.

ಮೊದಲ ಎರಡು ಪುಟ ಪೂರ್ತಿ ವಿಕ್ಟೋರಿಯಾ ರಾಣಿ, ರೈಲು, ಕಾರ್ಖಾನೆ. ಅಷ್ಟನ್ನೂ ಸುಮ್ನೆ ತೆಗೆದುಬಿಡಿ. ಲೇಖನಕ್ಕೆ ಜೀವ ಬರುವುದು ರಾಬರ್ಟ್ ಸೀಮೋರ್ ಬಂದಾಗ. ಅವನನ್ನು ನೀವು ‘ಡಿಕನ್ಸ್ ಕಥೆಗೆ ಚಿತ್ರ ಬರೆದವನು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದು ಉಲ್ಟಾ ಅಲ್ವಾ? 1836ರಲ್ಲಿ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿ ತಿಂಗಳಿಗೊಂದು ಸಂಚಿಕೆಯಾಗಿ ಶುರುವಾದಾಗ ಹೆಸರು ಮಾಡಿದ್ದವನು ಸೀಮೋರ್. ಅವನ ಚಿತ್ರಗಳಿಗೆ ಬರಹ ಒದಗಿಸಲು ಪ್ರಕಾಶಕರು 24ರ ಹುಡುಗ ಡಿಕನ್ಸ್‌ನನ್ನು ಹಿಡಿದರು. ಹುಡುಗ ಕಥೆಯನ್ನು ತನ್ನ ಕಡೆಗೇ ಎಳೆದುಕೊಂಡ. ಎರಡನೇ ಸಂಚಿಕೆ ಹೊರಬರುವ ಮೊದಲೇ ಸೀಮೋರ್ ಆತ್ಮಹತ್ಯೆ ಮಾಡಿಕೊಂಡ. ಮೊದಲ ಸಂಚಿಕೆಯಲ್ಲಿ ಸುಮಾರು 24 ಪುಟ, ನಾಲ್ಕು ಚಿತ್ರ. ಮೂರನೆಯದರಿಂದ 32 ಪುಟ, ಎರಡೇ ಚಿತ್ರ. ಯಾರ ಕೈ ಮೇಲಾಯಿತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಇಂಥ ಲೆಕ್ಕವನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ!

‘ಚಿತ್ರಗಳು ಕಥೆಗೆ ಮೆರುಗು ನೀಡಿದವು’ ಎಂದು ಏಳು ಸಲ ಬರೆದಿದ್ದೀರಿ. ಮೆರುಗು ಅಂದರೆ ಕೊನೆಗೆ ಹಚ್ಚುವ ಬಣ್ಣ. ಈ ಮಾಸಿಕ ಸಂಚಿಕೆಗಳಲ್ಲಿ ಚಿತ್ರ ಇರುತ್ತಿದ್ದದ್ದೇ ಬರಹಕ್ಕಿಂತ ಮುಂದೆ. ಒಂದು ಶಿಲ್ಲಿಂಗ್ ಕೊಟ್ಟು ತಂದವರು ಜಾಹೀರಾತು ದಾಟಿದರೆ ಮೊದಲು ಕಾಣುತ್ತಿದ್ದದ್ದು ಚಿತ್ರ. ಚಿತ್ರದಲ್ಲಿ ಯಾರೋ ಬಾಗಿಲಲ್ಲಿ ನಿಂತಿದ್ದಾರೆ ಅನ್ನಿ. ಯಾಕೆ? ತಿಳಿಯಲು ಓದಬೇಕು. ಲೇಖನವನ್ನು ಈ ಬಾಗಿಲಿನಿಂದಲೇ ಶುರು ಮಾಡಿ ನೋಡಿ.

ಒಂದು ತಪ್ಪೂ ಇದೆ. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ಗೆ ಫಿಜ್ (ಅವನ ಹಲವು ಕಾದಂಬರಿಗಳ ಚಿತ್ರಕಾರ ಹ್ಯಾಬ್ಲೊ ಬ್ರೌನ್) ಚಿತ್ರ ಬರೆದಿಲ್ಲ. 1860–61ರಲ್ಲಿ ಲಂಡನ್ನಿನ ವಾರಪತ್ರಿಕೆಯಲ್ಲಿ ಅದು ಚಿತ್ರವೇ ಇಲ್ಲದೆ ಬಂತು. ಅಮೆರಿಕದ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಚಿತ್ರ ಬರೆದವನು ಜಾನ್ ಮೆಕ್‌ಲೆನನ್.

ಫಿಜ್ ಬಗ್ಗೆ ಹೊಗಳಿಕೆ ಜಾಸ್ತಿ, ನೋಟ ಕಮ್ಮಿ. ಡಿಕನ್ಸ್‌ನ ‘ಬ್ಲೀಕ್ ಹೌಸ್’ಗೆ ಅವನು ಮಾಡಿದ ಕಪ್ಪು ಚಿತ್ರಗಳಲ್ಲಿ ಒಂದನ್ನು ಎದುರಿಗಿಟ್ಟುಕೊಳ್ಳಿ. ಕೊಳೆಗೇರಿಯ ಬೀದಿ, ಬೀಳದಂತೆ ಮರದ ಊರುಗೋಲು ಕೊಟ್ಟು ನಿಲ್ಲಿಸಿದ ಮನೆಗಳು. ಬೀದಿಯಲ್ಲಿ ಒಬ್ಬ ಮನುಷ್ಯನೂ ಇಲ್ಲ. ಯಂತ್ರದಿಂದ ಒತ್ತೊತ್ತಾಗಿ ಗೀರಿದ ಗೆರೆಗಳೇ ಆ ಕತ್ತಲು. ಅದರ ಮೇಲೆ ಒಂದು ಪುಟ ಬರೆಯಿರಿ. ಕಳಿಸುವಾಗ ಆ ಚಿತ್ರದ ಪ್ರತಿಯೂ ಜೊತೆಗಿರಲಿ.