ಸಂಪಾದಕರ ಉತ್ತರ: ಅಖ್ಲಾಕ್‌ಗೆ 20ರಲ್ಲಿ ಎಷ್ಟು?

ಮಾನ್ಯ ಉಸ್ತಾದರೇ,

ನಿಮ್ಮ ಮದ್ರಸಾದ ಅಂಕಪಟ್ಟಿಗೆ ‘ಅಖ್ಲಾಕ್’ (ಗುಣನಡತೆ) ಎಂಬ ಹೊಸ ಕಾಲಂ ಸೇರಿದೆ. ನಮಾಝ್‌ಗೆ ದಿನವೂ ಮೊದಲ ಸಾಲಿನಲ್ಲಿ ನಿಲ್ಲುವ ಹುಡುಗನಿಗೆ ನೀವು 20ರಲ್ಲಿ 18 ಕೊಟ್ಟಿರಿ. ಮರುದಿನವೇ ಅವನು ಪುಟ್ಟ ಹುಡುಗನೊಬ್ಬನ ತೊದಲು ಓದನ್ನು ಅಣಕಿಸಿ ಅಳಿಸಿದ. ‘ಹಾಗಾದರೆ ನಾನು ಅಳೆದದ್ದು ಏನನ್ನು?’ ಎಂದು ಕೇಳಿದ್ದೀರಿ.

ಹಾಜರಿಯನ್ನು. ಆ ಕಾಲಂನಿಂದ ಅದಕ್ಕಿಂತ ಹೆಚ್ಚಿನದು ಸಿಗುವುದೂ ಇಲ್ಲ.

ಕೌಶಲದ ಮಾತು ಬೇರೆ. ತಜ್ವೀದ್, ಅಂದರೆ ಕುರ್‌ಆನ್ ಓದಿನ ಸರಿಯಾದ ಉಚ್ಚಾರ, ಕಿವಿಗೆ ಸಿಗುತ್ತದೆ. ಹೃದಯ ಎಂಬರ್ಥದ ‘ಖಲ್ಬ್’ನ ಮೊದಲಕ್ಷರ ನಾಲಿಗೆಯ ಬುಡದಿಂದ ಹೊರಡದೆ ತುಸು ಮುಂದೆ ಜಾರಿದರೆ ‘ಕಲ್ಬ್’ ಆಗುತ್ತದೆ, ಅಂದರೆ ನಾಯಿ. ಕೇಳಿ, ತಿದ್ದಿ, ಮತ್ತೆ ಓದಿಸಬಹುದು. ನಮಾಝ್‌ಗೆ ಮುಂಚಿನ ಅಂಗಸ್ನಾನದಲ್ಲಿ ಹಿಮ್ಮಡಿ ಒಣಗಿ ಉಳಿಯಿತೇ ಎಂಬುದು ಕಣ್ಣಿಗೇ ಕಾಣುತ್ತದೆ. ಇಲ್ಲಿಯೂ ಅಂಕಕ್ಕಿಂತ ಮರುಅವಕಾಶವೇ ದೊಡ್ಡದು. ಅವಸರದಲ್ಲಿ ನಮಾಝ್ ಮುಗಿಸಿ ಬಂದವನನ್ನು ಪ್ರವಾದಿ ಮುಹಮ್ಮದ್(ಸ) ‘ಮರಳಿ ಹೋಗಿ ನಮಾಝ್ ಮಾಡು, ನೀನು ಮಾಡಿಲ್ಲ’ ಎಂದು ಮೂರು ಸಲ ಕಳಿಸಿದ ಹದೀಸ್ (ಪ್ರವಾದಿಯ ನಡೆನುಡಿಯ ವರದಿ) ನಿಮಗೆ ಗೊತ್ತೇ ಇದೆ. ‘ಇದಕ್ಕಿಂತ ಚೆನ್ನಾಗಿ ನನಗೆ ಬಾರದು, ಕಲಿಸಿಕೊಡಿ’ ಎಂದು ಅವನೇ ಕೇಳಿದಾಗ ಒಂದೊಂದು ಹಂತವನ್ನೂ ನಿಧಾನವಾಗಿ ವಿವರಿಸಿದರು. ಕಲಿಯುವ ಹಸಿವು ಹುಟ್ಟಿಸಿದ ಪರೀಕ್ಷೆ ಅದು.

ಗುಣವನ್ನು ಹಾಗೆ ಒಪ್ಪಿಸಲು ಬರುವುದಿಲ್ಲ. ಖಲೀಫಾ ಉಮರ್(ರ) ಅವರ ಬಗ್ಗೆ ಹೇಳುವ ಪ್ರಸಂಗವೊಂದಿದೆ. ಒಬ್ಬನು ಇನ್ನೊಬ್ಬನನ್ನು ಸಜ್ಜನನೆಂದಾಗ ಅವರು ಕೇಳಿದರಂತೆ: ಅವನ ನೆರೆಮನೆಯಲ್ಲಿದ್ದೆಯಾ? ಜೊತೆಗೆ ಪ್ರಯಾಣ ಮಾಡಿದ್ದೀಯಾ? ಹಣದ ವ್ಯವಹಾರ? ಎಲ್ಲಕ್ಕೂ ಇಲ್ಲ. ಹಾಗಾದರೆ ಮಸೀದಿಯಲ್ಲಿ ತಲೆ ಬಾಗಿಸಿ ಎತ್ತುವುದನ್ನಷ್ಟೇ ನೋಡಿದ್ದೀಯೆ, ಅವನನ್ನು ನೀನರಿಯೆ ಎಂದರಂತೆ.

ನಮಾಝ್‌ಗೆ ಅಂಕವಿಟ್ಟರೆ ಮಗು ಅಂಕಕ್ಕಾಗಿ ನಿಲ್ಲುತ್ತದೆ. ರಿಯಾ, ಅಂದರೆ ಜನ ನೋಡಲೆಂದು ಮಾಡುವ ಭಕ್ತಿ, ತಪ್ಪೆಂದು ಪಾಠ ಮಾಡುವ ನಾವೇ ಅದನ್ನು ಅಭ್ಯಾಸ ಮಾಡಿಸಿದಂತಾಗುತ್ತದೆ; ಈ ಮಾತು ನನಗೆ ನಿಜಕ್ಕೂ ನೋವು ಕೊಡುತ್ತದೆ. ಹಾಗೆಂದು ದಂಡನೆಗೆ ಹೊರಳಬೇಡಿ. ಗದರಿಕೆಯಲ್ಲಿ ಬೆಳೆದ ವಿದ್ಯಾರ್ಥಿ ಸುಳ್ಳನ್ನೂ ಸೋಗನ್ನೂ ಕಲಿಯುತ್ತಾನೆಂದು ಇತಿಹಾಸಕಾರ ಇಬ್ನ್ ಖಲ್ದೂನ್ 14ನೇ ಶತಮಾನದಲ್ಲೇ ಬರೆದಿದ್ದಾರೆ. ಮಕ್ಕಳ ಹಿಂದೆ ಗೂಢಚಾರರನ್ನು ಬಿಡುವುದೂ ಸಲ್ಲದು. ಅನ್ಯರ ಗುಟ್ಟು ಕೆದಕುವುದನ್ನು ಕುರ್‌ಆನ್ (49:12) ನಿಷೇಧಿಸಿದೆ.

ಕಾಲಂ ತೆಗೆಯಲು ಆಡಳಿತ ಸಮಿತಿ ಒಪ್ಪದಿದ್ದರೆ, ಅಂಕದ ಬದಲು ನೀವು ಕಂಡದ್ದನ್ನು ಎರಡು ಸಾಲು ಬರೆಯಲು ಅನುಮತಿ ಕೇಳಿ. ‘ಸಿಕ್ಕಿದ ಪೆನ್ನನ್ನು ತಾನೇ ತಂದುಕೊಟ್ಟ’ ಎಂಬಷ್ಟು ಸಾಕು. ಆ ಸಾಲುಗಳನ್ನು ಮಗುವೂ ಹೆತ್ತವರೂ ಓದಲಿ, ತರಗತಿಯಲ್ಲಿ ಓದಿ ಹೇಳಬೇಡಿ.

ಆ 18ರ ಹುಡುಗನನ್ನು ಒಬ್ಬನನ್ನೇ ಕೂರಿಸಿ ಮಾತನಾಡಿಸಿ, ಮೊದಲು ಕ್ಷಮೆ ಕೇಳಲಿ. ಪುಟ್ಟವನು ಒಪ್ಪಿದರೆ, ಒಂದು ತಿಂಗಳು ಅವನ ಪಾಠ ಕೇಳಿ ತಿದ್ದುವ ಹೊಣೆಯನ್ನು ಇವನಿಗೇ ಕೊಡಿ, ನೀವು ಪಕ್ಕದಲ್ಲಿರಿ. ಪುಟ್ಟವನು ಈಗ ಹೇಗೆ ಓದುತ್ತಿದ್ದಾನೆಂದು ನನಗೆ ಬರೆಯಿರಿ.

– ಸಂಪಾದಕ