ಫಾರ್ವರ್ಡ್ ಮಾಡಿಸಿದ ಮೇಲೆ ಡಾಲರ್ ಏರಿದರೆ ಅದು ನಷ್ಟವೇ?

ಪ್ರಶ್ನೆ: ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಎರಕದ ಕಾರ್ಖಾನೆಯಿದೆ. ವಿದೇಶಿ ಕಂಪನಿಯೊಂದಕ್ಕೆ ಬಿಡಿಭಾಗ ಕಳುಹಿಸಿದ ಮೂರು ತಿಂಗಳಿಗೆ ಡಾಲರ್‌ನಲ್ಲಿ ಹಣ ಬರುತ್ತದೆ. ಕಳೆದ ಸಲ ಬ್ಯಾಂಕಿನವರ ಸಲಹೆಯಂತೆ ಒಂದು ಲಕ್ಷ ಡಾಲರನ್ನು 85 ರೂಪಾಯಿಗೆ ಫಾರ್ವರ್ಡ್ ಮಾಡಿಸಿದೆವು, ಅಂದರೆ ಮುಂದೆ ಬರುವ ಡಾಲರನ್ನು ಅದೇ ದರಕ್ಕೆ ಮಾರುವುದಾಗಿ ಮೊದಲೇ ಒಪ್ಪಂದ ಮಾಡಿಕೊಂಡೆವು. ಹಣ ಬಂದ ದಿನ ದರ 87 ಇತ್ತು. ಎರಡು ಲಕ್ಷ ರೂಪಾಯಿ ಕೈತಪ್ಪಿತು. ಬಹುರಾಷ್ಟ್ರೀಯ ಕಂಪನಿಗಳು ಇಂಥ ನಷ್ಟದಿಂದ ಹೇಗೆ ಪಾರಾಗುತ್ತವೆ?

ಉತ್ತರ: ಜಾಗರೂಕ ಕಂಪನಿಗಳು ಇದನ್ನು ನಷ್ಟವೆಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಫಸಲು ಮರದಲ್ಲಿರುವಾಗಲೇ ಇಂತಿಷ್ಟು ಹಣಕ್ಕೆಂದು ತೋಟವನ್ನು ಚೇಣಿಗೆ ಕೊಟ್ಟ ಅಡಿಕೆ ಬೆಳೆಗಾರರಿಗೆ, ಧಾರಣೆ ಕುಸಿದಿದ್ದರೂ ಅಷ್ಟೇ ಹಣ ಕೈಸೇರುತ್ತಿತ್ತು ಎಂಬುದು ಗೊತ್ತಿರುತ್ತದೆ. ಆರ್ಡರ್ ಒಪ್ಪಿಕೊಂಡಾಗ 85ರ ದರದಲ್ಲಿ ಕಬ್ಬಿಣ, ಕರೆಂಟು, ಕೂಲಿ ಎಲ್ಲ ಕಳೆದು ನಿಮಗೆ ಲಾಭ ಉಳಿಯುತ್ತಿತ್ತೇ ಎಂಬುದನ್ನಷ್ಟೇ ನೋಡಿ. ಉಳಿಯುತ್ತಿದ್ದರೆ ಫಾರ್ವರ್ಡ್ ತನ್ನ ಕೆಲಸ ಮಾಡಿದೆ.

ನಿಮ್ಮಂಥದೇ ಪ್ರಸಂಗ ಜರ್ಮನಿಯ ಲುಫ್ತಾನ್ಸಾ ವಿಮಾನ ಸಂಸ್ಥೆಗೂ ಬಂದಿತ್ತು. 1985ರಲ್ಲಿ ಅದು 20 ಬೋಯಿಂಗ್ 737 ವಿಮಾನಗಳಿಗೆ ಸುಮಾರು 50 ಕೋಟಿ ಡಾಲರ್ ಕೊಡಬೇಕಿತ್ತು. ಆಗ ಒಂದು ಡಾಲರ್‌ಗೆ ಸುಮಾರು 3.2 ಜರ್ಮನ್ ಮಾರ್ಕ್. ಡಾಲರ್ ಇನ್ನೂ ಏರಬಹುದೆಂಬ ಅಂಜಿಕೆಯಿಂದ ಅರ್ಧ ಮೊತ್ತವನ್ನು ಫಾರ್ವರ್ಡ್ ಮಾಡಿದರು. ವರ್ಷದೊಳಗೆ ಡಾಲರ್ 2.3 ಮಾರ್ಕ್‌ನ ಆಸುಪಾಸಿಗೆ ಇಳಿಯಿತು, ಆದರೆ ಆ ಅರ್ಧಕ್ಕೆ ಹಳೆಯ ದುಬಾರಿ ದರವನ್ನೇ ಕೊಡಬೇಕಾಯಿತು. ಅಧ್ಯಕ್ಷರು ಕಟು ಟೀಕೆಗೆ ಗುರಿಯಾದರು. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯ: ಫಲಿತಾಂಶ ಕಂಡ ಮೇಲೆ ತೀರ್ಪು ಹೇಳುವುದು ಯಾರಿಗೂ ಸುಲಭ.

ದೊಡ್ಡ ಕಂಪನಿಗಳು ಮೊದಲು ಒಂದೇ ಕರೆನ್ಸಿಯ ಆದಾಯ ಮತ್ತು ಖರ್ಚನ್ನು ಪರಸ್ಪರ ವಜಾ ಮಾಡಿಕೊಂಡು, ಉಳಿದ ಮೊತ್ತಕ್ಕೆ ಮಾತ್ರ ಡೆರಿವೇಟಿವ್‌ಗಳ (ಕರೆನ್ಸಿ ದರದಂಥದ್ದರ ಮೇಲೆ ನಿಂತ ಫಾರ್ವರ್ಡ್, ಆಪ್ಷನ್, ಸ್ವಾಪ್‌ನಂಥ ಒಪ್ಪಂದಗಳ) ಮೊರೆ ಹೋಗುತ್ತವೆ. ಬರುವುದು ಖಚಿತವಾದ ಹಣಕ್ಕೆ ಫಾರ್ವರ್ಡ್ ಸಾಕು. ಟೆಂಡರ್ ಹಾಕಿದ್ದು, ಗೆಲ್ಲುವುದು ಇನ್ನೂ ಅನಿಶ್ಚಿತವಾಗಿದ್ದರೆ ಆಪ್ಷನ್ ಸೂಕ್ತ: ಅದು ಗೊತ್ತುಮಾಡಿದ ದರದಲ್ಲಿ ಡಾಲರ್ ಮಾರುವ ಹಕ್ಕು, ಮಾರಲೇಬೇಕೆಂಬ ಕಟ್ಟುಪಾಡಲ್ಲ. ಮುಂಗಡವಾಗಿ ಪ್ರೀಮಿಯಂ ಕಟ್ಟಬೇಕು, ಆದರೆ ದರ ಅನುಕೂಲವಾದರೆ ಅದನ್ನು ಬಳಸದೆ ಬಿಡಬಹುದು. ಹಲವು ವರ್ಷಗಳ ವಿದೇಶಿ ಸಾಲಕ್ಕೆ ಸ್ವಾಪ್ ಇದೆ, ಅಂದರೆ ಒಂದು ಕರೆನ್ಸಿಯ ಸಾಲದ ಪಾವತಿಗಳನ್ನು ಇನ್ನೊಂದು ಕರೆನ್ಸಿಯ ಪಾವತಿಗಳೊಂದಿಗೆ ಅದಲುಬದಲು ಮಾಡಿಕೊಳ್ಳುವ ಒಪ್ಪಂದ. 1981ರಲ್ಲಿ ಐಬಿಎಂ ಮತ್ತು ವಿಶ್ವಬ್ಯಾಂಕ್ ಮಾಡಿಕೊಂಡ ಕರೆನ್ಸಿ ಸ್ವಾಪ್ ಈ ಬಗೆಯ ವ್ಯವಹಾರಕ್ಕೆ ದಾರಿ ತೋರಿಸಿತು.

ಫಾರ್ವರ್ಡ್ ದರವೆಂದರೆ ಬ್ಯಾಂಕ್ ಹೇಳುವ ಭವಿಷ್ಯವೆಂದು ಅನೇಕರು ತಿಳಿದಿದ್ದಾರೆ. ಅದು ಮುಖ್ಯವಾಗಿ ಎರಡು ದೇಶಗಳ ಬಡ್ಡಿದರದ ಅಂತರದಿಂದ ಹುಟ್ಟುತ್ತದೆ. ಭಾರತದ ಬಡ್ಡಿ ಸಾಮಾನ್ಯವಾಗಿ ಅಮೆರಿಕಕ್ಕಿಂತ ಹೆಚ್ಚಿರುವುದರಿಂದ ಮೂರು ತಿಂಗಳಾಚೆಯ ಡಾಲರ್‌ಗೆ ಇಂದಿನ ದರಕ್ಕಿಂತ ತುಸು ಹೆಚ್ಚು ಸಿಗುತ್ತದೆ, ಮತ್ತು ಆ ಹೆಚ್ಚಳ ರಫ್ತುದಾರರಿಗೆ ಸೇರಬೇಕಾದದ್ದು. ಬ್ಯಾಂಕ್ ಅದರಲ್ಲಿ ಎಷ್ಟು ಪೈಸೆ ಮುರಿದುಕೊಳ್ಳುತ್ತಿದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಕೈತಪ್ಪಿದ ಎರಡು ಲಕ್ಷವನ್ನು ಮರಳಿ ಗಳಿಸಲು ಹೊರಟು, ಯಾರಾದರೂ ಪ್ರೀಮಿಯಂ ಇಲ್ಲದ ಆಪ್ಷನ್ ತೋರಿಸಿದರೆ ಸಹಿ ಹಾಕಬೇಡಿ. 2007-08ರ ಸುಮಾರಿಗೆ ನಮ್ಮ ಎಷ್ಟೋ ರಫ್ತುದಾರರು ತಮ್ಮ ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ಯೆನ್, ಸ್ವಿಸ್ ಫ್ರಾಂಕ್‌ಗಳ ಇಂಥ ಜಟಿಲ ಒಪ್ಪಂದಗಳಿಗೆ ಸಿಕ್ಕಿ ಕಂಗಾಲಾದರು. ಡೆರಿವೇಟಿವ್ ನಿಯಮಗಳ ಉಲ್ಲಂಘನೆಗಾಗಿ ರಿಸರ್ವ್ ಬ್ಯಾಂಕ್ 2011ರಲ್ಲಿ 19 ಬ್ಯಾಂಕುಗಳಿಗೆ ದಂಡ ಹಾಕಿತು.

ಮುಂದಿನ ಆರ್ಡರ್‌ನಲ್ಲಿ, ಖರೀದಿ ಆದೇಶ ಕೈಸೇರಿದ ಮೊತ್ತದ ಅರ್ಧದಿಂದ ಮೂರನೇ ಎರಡರಷ್ಟನ್ನು ಫಾರ್ವರ್ಡ್ ಮಾಡಿಸಿ, ಉಳಿದದ್ದನ್ನು ಬಿಡಿ. ಗ್ರಾಹಕರು ಹಣ ಕಳುಹಿಸುವುದು ಹತ್ತು ದಿನ ಹಿಂದೆಮುಂದೆ ಆಗುವಂತಿದ್ದರೆ, ಒಂದೇ ದಿನಾಂಕ ಗೊತ್ತುಮಾಡುವ ಬದಲು ಒಂದು ಅವಧಿಯೊಳಗೆ ಯಾವ ದಿನವಾದರೂ ಡಾಲರ್ ಒಪ್ಪಿಸಬಹುದಾದ ಫಾರ್ವರ್ಡನ್ನೇ ಕೇಳಿ. ಇಲ್ಲವಾದರೆ ಒಪ್ಪಂದ ಮುಂದೂಡುವಾಗ ದರದ ವ್ಯತ್ಯಾಸವನ್ನು ನೀವೇ ತುಂಬಬೇಕಾಗಿ ಬರಬಹುದು.